ರಾಟರ್‌ಡ್ಯಾಮಿನ ಮೊದಲ ಗೋರಿ

ಏಪ್ರಿಲ್ ತಿಂಗಳ ಮೊದಲನೇ ಭಾನುವಾರ, ಮಧ್ಯಾಹ್ನ ನಾಲ್ಕು ಗಂಟೆಯ ಹೊತ್ತು. ಈಸ್ಟರಿಗೆ ಇನ್ನೂ ಎರಡು ವಾರ ಇತ್ತು. ಬಿಸಿಲೇನೋ ಬಿದ್ದಿತ್ತು, ಆದರೆ ನದಿ ಕಡೆಯಿಂದ ಬೀಸುವ ಗಾಳಿ ಕಿವಿ ಕತ್ತರಿಸುತ್ತಿತ್ತು. ಡಚ್ಚರ ಆರಾಧನೆ ಬೆಳಿಗ್ಗೆಗೇ ಮುಗಿದು, ಎರಡು ಗಂಟೆಗೆ ಶುರುವಾದ, ಸಮುದ್ರ ದಾಟಿ ಬಂದು ಇಲ್ಲಿ ನೆಲೆಸಿದ ನಮ್ಮ ಬಟಕ್ ಜನರ ಆರಾಧನೆಯೂ ಮುಗಿದು, ಚರ್ಚಿನ ಹಿಂದಿನ ಹಜಾರದಲ್ಲಿ ಊಟದ ತಟ್ಟೆಗಳು ಓಡಾಡುತ್ತಿದ್ದವು. ರೊಸಿಂತಾ ಬಿಸಿ ಅನ್ನ, ಅಂಡಲಿಮಾನ್ ಮೆಣಸಿನ ಕಾಳು ಅರೆದು ಹಾಕಿದ ಮೀನು ಬಡಿಸಿಕೊಂಡು ಬಂದು ಮಾವನ ಮುಂದೆ ಇಟ್ಟಳು. ಸಭೆಯ ಹಿರಿಯ ಮನಹಾರ ಸಿತೋರುಸ್ ಅವಳ ಕಡೆ ನೋಡಲೂ ಇಲ್ಲ. ಹಿಂಗೈಯಿಂದ ತಟ್ಟೆಯನ್ನು ಮೆಲ್ಲಗೆ ಆಚೆ ಸರಿಸಿ, ನಾಲ್ಕು ವರ್ಷದ ಮೊಮ್ಮಗನ ಕಡೆ ತಿರುಗಿ, "ತುಂಪಾಲ್, ನಿಮ್ಮಮ್ಮನಿಗೆ ಹೇಳು, ನನಗೆ ಹಸಿವಿಲ್ಲ ಅಂತ" ಅಂದ.

ಅವನ ಹೆಂಡತಿ ಲಾಮ್ರಿಯಾ ಅಡುಗೆಮನೆ ಬಾಗಿಲಲ್ಲಿ ನಿಂತು ಇದನ್ನು ನೋಡಿದಳು. ಐದು ವರ್ಷದಿಂದ ನೋಡುತ್ತಲೇ ಇದ್ದಳು. ಮಾವ ಸೊಸೆ ಎದುರುಬದುರು ಮಾತಾಡಬಾರದು, ಏನಿದ್ದರೂ ಗೋಡೆಗೋ ಮಗುವಿಗೋ ಹೇಳಿದ ಹಾಗೆ ಹೇಳಬೇಕು ಅನ್ನುವುದು ನಮ್ಮವರಲ್ಲಿ ಇದ್ದದ್ದೇ. ಆದರೆ ಸೊಸೆ ಬಡಿಸಿದ ಅನ್ನ ತಿನ್ನಬಾರದು ಅಂತ ಯಾವ ಹಿರಿಯರು ಹೇಳಿದ್ದರು? ಮಗ ಪರುಲಿಯಾನ್ ಈ ಹುಡುಗಿಯ ಹೆಸರು ಹೇಳಿದ ದಿನದಿಂದ ಹೀಗೆ. "ಬೇಡ" ಅಂದ. ಯಾಕೆ ಅಂತ ಕೇಳಿದರೆ ಬಾಯಿ ಬಿಡಲಿಲ್ಲ. ಲಗ್ನಕ್ಕೆ ಮುಂಚೆ ಎರಡು ಭಾನುವಾರ ಗಂಡುಹೆಣ್ಣಿನ ಹೆಸರು ಕೂಗಿ, ತಕರಾರಿದ್ದವರು ಹೇಳಿ ಅಂತ ಕೇಳುವ ಪದ್ಧತಿ ಉಂಟಲ್ಲ, ಆಗ ಎದ್ದು ನಿಂತಿದ್ದ! ಬಾಯಿ ತೆರೆದಿದ್ದ! ಇಡೀ ಸಭೆ ತಿರುಗಿ ನೋಡಿತು. ಕೊನೆಗೆ, "ಕಿಟಕಿಯಿಂದ ಗಾಳಿ ಬರ್ತಿದೆ, ಮುಚ್ಚಿ" ಅಂತ ಹೇಳಿ ಕೂತುಬಿಟ್ಟ. ಜನ ನಕ್ಕರು. ಲಾಮ್ರಿಯಾ ನಗಲಿಲ್ಲ. ಯಾಕೆಂದರೆ ಕಿಟಕಿ ಮುಚ್ಚಿಯೇ ಇತ್ತು...

ತಟ್ಟೆ ವಾಪಸು ತೆಗೆದುಕೊಂಡು ಬಂದ ಸೊಸೆಗೆ ಅವಳು, "ಬಿಡು ತಾಯಿ, ಆ ಮುದುಕನ ನಾಲಿಗೆ ಪ್ರಾರ್ಥನೆಗೆ ಮಾತ್ರ ಇರೋದು" ಅಂದಳು.

"ಇವತ್ತು ಅವರಿಗೂ ಖುಷಿಯಾಗೋ ಸುದ್ದಿ ಇದೆ ಅತ್ತೆ" ಅಂದಳು ರೊಸಿಂತಾ, ಕಣ್ಣೊರೆಸಿಕೊಂಡು.

ಆ ವರ್ಷ ಸಭೆಗೆ ನಲವತ್ತು ತುಂಬುತ್ತಿತ್ತು. ಸಭೆಯ ಚರಿತ್ರೆ ಬರೆಯುವ ಕೆಲಸ ರೊಸಿಂತಾಳ ಪಾಲಿಗೆ ಬಂದಿತ್ತು. ಆ ಚರಿತ್ರೆ ಶುರುವಾಗುವುದೇ ಒಂದು ಹೆಣದಿಂದ. ನಲವತ್ತು ವರ್ಷದ ಹಿಂದೆ ಜನವರಿಯ ಹಿಮದಲ್ಲಿ, ಹಡಗಿನವರು ತಂಗುವ ಮನೆಯೊಂದರಲ್ಲಿ ಸಹಾಲ ನೈಂಗೋಲನ್ ಅನ್ನುವ ಹುಡುಗ ಕೆಮ್ಮು ಜ್ವರದಿಂದ ಸತ್ತ. ಏಳು ಜನ ನಾವಿಕರು ಅವನ ಗುಂಡಿಯ ಸುತ್ತ ನಿಂತು ನಮ್ಮ ಭಾಷೆಯಲ್ಲಿ ಹಾಡಿದರು. ಮುಂದಿನ ಭಾನುವಾರವೂ ಸೇರಿ ಹಾಡಿದರು. ಅದೇ ಸಭೆಯಾಯಿತು. ಆ ಏಳು ಜನರಲ್ಲಿ ಈಗ ಉಳಿದಿದ್ದವನು ಮನಹಾರ ಒಬ್ಬನೇ. ರೊಸಿಂತಾ ಆ ಮೊದಲ ಗೋರಿಯ ಚಿತ್ರವನ್ನು ಇಂಟರ್ನೆಟ್ಟಿನಲ್ಲಿ ಹಾಕಿ, ಇವನ ಕಡೆಯವರು ಯಾರಾದರೂ ಇದ್ದೀರಾ ಅಂತ ಕೇಳಿದ್ದಳು. ಸತ್ತವನು ಅವಳದೇ ಬೆಡಗಿನವನು, ಒಂದೇ ಕುಲ, ನೈಂಗೋಲನ್. ಹಾಗಾಗಿ ಅವಳಿಗೆ ತುಸು ಅಭಿಮಾನವೂ ಇತ್ತು.

ಅವಳು ಎದ್ದು ನಿಂತು ಕೈ ತಟ್ಟಿ ಹೇಳಿದಳು. "ಎಲ್ಲರೂ ಕೇಳಿ! ಸಹಾಲ ನೈಂಗೋಲನ್ ಅವರ ತಮ್ಮ ಸಿಕ್ಕಿದಾರೆ, ಊರಲ್ಲಿ, ಸಮೋಸಿರ್ ದ್ವೀಪದಲ್ಲಿ! ಬಿನ್ಸಾರ್ ಅಂತ ಹೆಸರು. ಈಸ್ಟರ್ ಆದ ವಾರ ಇಲ್ಲಿಗೆ ಬರ್ತಿದಾರೆ. ಮೂಳೆ ತೆಗೆಸಿ ಊರಿಗೆ ತಗೊಂಡು ಹೋಗಿ, ಮನೆತನದ ಗೋರಿಯಲ್ಲಿ ಅಪ್ಪ ಅಜ್ಜಂದಿರ ಜೊತೆ ಇಡ್ತಾರಂತೆ. ಅವರ ತಾಯಿ ಇನ್ನೂ ಬದುಕಿದಾರೆ... ಎಂಬತ್ತೇಳು ವರ್ಷ!"

ಜನ ಹೋ ಅಂದರು. ಯಾರೋ ಹಾಡು ಎತ್ತಿದರು. ಮನಹಾರ ಎದ್ದ. ಕೋಟು ಕುರ್ಚಿಯ ಮೇಲೇ ಇತ್ತು. ಅಂಗಿಯಲ್ಲೇ, ಆ ಗಾಳಿಯಲ್ಲಿ, ಬಾಗಿಲು ತೆಗೆದುಕೊಂಡು ಹೊರಗೆ ನಡೆದುಬಿಟ್ಟ.

ಲಾಮ್ರಿಯಾ ಕೋಟು ಹಿಡಿದುಕೊಂಡು ಹಿಂದೆ ಓಡಿದಳು. ಅವನು ನದಿ ದಂಡೆಯ ಕಬ್ಬಿಣದ ಕಟಕಟೆ ಹಿಡಿದು ನಿಂತಿದ್ದ. "ರೀ, ಏನಾಯ್ತು ನಿಮಗೆ?" ಅಂದರೆ ಒಂದೇ ಮಾತು: "ಏನಿಲ್ಲ. ಚಳಿ."

ಆಮೇಲಿನ ಮೂರು ವಾರ ಆ ಮನೆಯಲ್ಲಿ ಇನ್ನೊಬ್ಬರು ಇದ್ದ ಹಾಗೆ ಇತ್ತು. ಮೆಟ್ಟಿಲ ಮೇಲೆ ಯಾರೋ ನಿಂತು ಕೇಳಿಸಿಕೊಳ್ಳುತ್ತಿದ್ದಾರೆ ಅನ್ನಿಸಿ ಲಾಮ್ರಿಯಾ ತಿರುಗಿ ನೋಡುವಳು, ಯಾರೂ ಇರುವುದಿಲ್ಲ. ಹಳೆಯದೆಲ್ಲ ನೆನಪಾಗತೊಡಗಿತು. ನವೆಂಬರಿನಲ್ಲಿ ಸಭೆಯ ಸತ್ತವರ ಹೆಸರು ಓದುವ ಭಾನುವಾರ ಪ್ರತಿವರ್ಷ ಮೊದಲು ಬರುವ ಹೆಸರು ಸಹಾಲನದು. ಆ ಹೆಸರು ಕೂಗಿದಾಗೆಲ್ಲ ಗಂಡನ ತುಟಿ ಅಲ್ಲಾಡುತ್ತಿತ್ತು. ಪ್ರಾರ್ಥನೆ ಮಾಡುತ್ತಿದ್ದಾನೆ ಅಂದುಕೊಂಡಿದ್ದಳು. ಈಗ ಅನ್ನಿಸಿತು, ಅವನು ಓಗೊಡುತ್ತಿದ್ದನಾ ಅಂತ... ಛೇ, ಏನು ಹುಚ್ಚು ಯೋಚನೆ ಅಂತ ತನ್ನನ್ನೇ ಬೈದುಕೊಂಡಳು.

ಬಿನ್ಸಾರ್ ಶನಿವಾರ ಬೆಳಿಗ್ಗೆ ಬಂದಿಳಿದ. ಐವತ್ತರ ಆಸುಪಾಸು, ಬಿಸಿಲಿಗೆ ಕಂದಿದ ಮುಖ, ಮಾತು ಮಾತಿಗೂ ನಗು. ಮಧ್ಯಾಹ್ನದ ಊಟ ಲಾಮ್ರಿಯಾಳ ಮನೆಯಲ್ಲೇ. ಮನಹಾರನಿಗೆ ಜ್ವರವಂತೆ, ಮಹಡಿಯಲ್ಲಿ ಹೊದ್ದು ಮಲಗಿದ್ದ. ರೊಸಿಂತಾ, "ನೀವು ನನಗೆ ಚಿಕ್ಕಪ್ಪ ಆಗಬೇಕು, ನಾನೂ ನೈಂಗೋಲನ್ ಮಗಳೇ" ಅಂದಾಗ ಅವನು, "ಹಾಗಾದ್ರೆ ಇನ್ನೊಂದು ತುಂಡು ಮೀನು ಕೇಳೋ ಹಕ್ಕಿದೆ ನನಗೆ!" ಅಂತ ತಟ್ಟೆ ಒಡ್ಡಿದ. ಎಲ್ಲರೂ ನಕ್ಕರು.

"ನಲವತ್ತು ವರ್ಷ ಆಯ್ತು, ಮಣ್ಣಲ್ಲಿ ಏನು ಉಳಿದಿರುತ್ತೋ" ಅಂದ ಪರುಲಿಯಾನ್.

"ಏನು ಉಳಿದಿದ್ರೂ ಗುರುತು ಸಿಗುತ್ತೆ. ಅಣ್ಣ ಹನ್ನೆರಡು ವರ್ಷದವನಿದ್ದಾಗ ಹೆಂಡದ ಮರದಿಂದ ಬಿದ್ದು ಬಲಗಾಲಿನ ಮುಂಗಾಲು ಮುರ್ಕೊಂಡಿದ್ದ. ನಾಟಿ ವೈದ್ಯ ಸೊಟ್ಟಗೆ ಕೂಡಿಸಿಬಿಟ್ಟ. 'ಆ ಮೂಳೆ ನೋಡಿ ತಾ, ಬೇರೆ ಯಾರನ್ನೋ ಹೊತ್ಕೊಂಡು ಬರಬೇಡ' ಅಂತ ಅವ್ವ ಹೇಳಿ ಕಳಿಸಿದಾಳೆ" ಅಂತ ಬಿನ್ಸಾರ್ ಬಗ್ಗಿ ತನ್ನ ಕಾಲಿನ ಮೇಲೆ ಬೆರಳು ಇಟ್ಟು ತೋರಿಸಿದ. "ಇಲ್ಲಿ. ಮಂಡಿ ಕೆಳಗೆ ನಾಲ್ಕು ಬೆರಳು."

ಲಾಮ್ರಿಯಾಳ ಕೈಯಲ್ಲಿದ್ದ ಅನ್ನದ ಸೌಟು ಹಾಗೇ ನಿಂತಿತು. ಮೂವತ್ತಾರು ವರ್ಷ ಚಳಿಗಾಲ ಬಂದಾಗಲೆಲ್ಲ ಆ ಜಾಗಕ್ಕೆ ಎಣ್ಣೆ ತಿಕ್ಕಿದವಳು ಅವಳೇ. ಮಂಡಿ ಕೆಳಗೆ ನಾಲ್ಕು ಬೆರಳು. ಹಡಗಿನಲ್ಲಿ ಬಿದ್ದದ್ದು ಅಂತ ಹೇಳಿದ್ದ. ಅವಳು ಎದುರು ಕೂತವನ ಮುಖ ನೋಡಿದಳು. ಆ ಹುಬ್ಬು, ಆ ಕಿವಿ... ಅಯ್ಯೋ ದೇವರೇ! ತನ್ನ ಮಗ ಮುದುಕನಾದರೆ ಹೀಗೇ ಕಾಣುತ್ತಾನೆ!

ಅವಳು ಸೌಟು ಇಟ್ಟು ಮಹಡಿಗೆ ಹೋದಳು. ಬಾಗಿಲು ಹಾಕಿದಳು. ಹೊದಿಕೆ ಎಳೆದಳು.

"ಎದ್ದು ಕೂತ್ಕೊಳ್ಳಿ. ನೀವು ಯಾರು?"

ಅವನು ಅವಳ ಮುಖ ನೋಡಿದ. ಕೇಳಲಿ ಅಂತ ನಲವತ್ತು ವರ್ಷದಿಂದ ಕಾದವನ ಹಾಗೆ ಉತ್ತರ ಕೊಟ್ಟ. "ಸಹಾಲ."

"ಗೋರಿಯಲ್ಲಿ ಇರೋನು?"

"ಅವನೇ ಮನಹಾರ. ಅವನಿಗೆ ಇಲ್ಲಿ ಇರೋಕೆ ಕಾಗದ ಸಿಕ್ಕಿತ್ತು. ನಾನು ಹಡಗು ಬಿಟ್ಟು ಓಡಿಬಂದೋನು, ನನಗೆ ಏನೂ ಇರಲಿಲ್ಲ. ಅವನು ಬೆಳಿಗ್ಗೆ ಸತ್ತ. ಡಾಕ್ಟರ್ ಬರೋದರೊಳಗೆ ಉಳಿದೋರೆಲ್ಲ ಸೇರಿ ಹೇಳಿದರು, ಸತ್ತೋನಿಗೆ ಕಾಗದ ಯಾಕೆ, ಇವನು ಒಬ್ಬನೇ ಮಗ, ತಂದೆತಾಯಿ ಸತ್ತಿದಾರೆ, ಕೇಳೋರಿಲ್ಲ ಅಂತ... ನನ್ನ ಜೇಬಿಂದ ನನ್ನ ಗುರುತಿನ ಚೀಟಿ ತೆಗೆದು ಅವನ ಜೇಬಿಗೆ ಇಟ್ಟೆ. ಅವನ ಮೈ ಇನ್ನೂ ಬೆಚ್ಚಗಿತ್ತು ಲಾಮ್ರಿಯಾ! ಎರಡು ವರ್ಷ ಬಿಟ್ಟು ಊರಿಗೆ ಬರೆಯೋಣ ಅಂದ್ಕೊಂಡೆ. ಆಮೇಲೆ ಸಿತೋರುಸ್ ಜನ ನನ್ನನ್ನ ತಮ್ಮ ಅಂದರು, ಅಣ್ಣ ಅಂದರು. ನೀನು ಬಂದೆ. ಮಗ ಹುಟ್ಟಿದ. ಆಮೇಲೆ ಆ ಹುಡುಗಿ..."

ಆಗ ಅವಳಿಗೆ ಅರ್ಥವಾಯಿತು. ಐದು ವರ್ಷ ಮುಟ್ಟದ ಅನ್ನ, ಮುಚ್ಚಿದ ಕಿಟಕಿ, ಎಲ್ಲ! ಅವನು ನೈಂಗೋಲನ್ ಆದರೆ ಮಗನೂ ನೈಂಗೋಲನ್. ಸೊಸೆಯೂ ನೈಂಗೋಲನ್. ಒಂದೇ ಬೆಡಗಿನವರು ಅಣ್ಣತಂಗಿ. ಅಣ್ಣತಂಗಿಯರಿಗೆ ಲಗ್ನ ಮಾಡಿಸಿ, ಹಾರೈಕೆಯ ಉಲೊಸ್ ಬಟ್ಟೆ ಹೊದಿಸಿ, ಮಗು ಎತ್ತಿ ಆಡಿಸಿದ್ದರು! ಕೆಳಗೆ ತುಂಪಾಲ್ ಏನೋ ಹೇಳಿ ಕಿಲಕಿಲ ನಗುತ್ತಿದ್ದ.

"ನೀವು ಬಾಯಿ ಬಿಡಕೂಡದು" ಅಂದಳು ಅವಳು. ತನ್ನ ಧ್ವನಿ ತನಗೇ ಗುರುತು ಸಿಗಲಿಲ್ಲ. "ನಲವತ್ತು ವರ್ಷ ಮುಚ್ಚಿದ ಬಾಯಿ ಇನ್ನು ಐದು ದಿನ ಮುಚ್ಚಿರಲಿ. ಗುರುವಾರ ಅಗೀತಾರೆ. ಮೂಳೆ ಎಲ್ಲ ಕರಗಿಹೋಗಿದೆ ಅಂತ ಹೇಳಿದರಾಯ್ತು. ತಗೊಂಡು ಹೋಗಲಿ!"

"ಸಿತೋರುಸ್ ಮೂಳೆ ನೈಂಗೋಲನ್ ಗೋರಿಗಾ? ನಮ್ಮಪ್ಪನ ಪಕ್ಕದಲ್ಲಾ? ಹಾಗಾದರೆ ಆ ಹುಡುಗನಿಗೆ ಎಲ್ಲಿ ಜಾಗ? ಅವನನ್ನ ಇನ್ನೊಂದು ಸಲ ಕೊಂದ ಹಾಗೆ ಅಲ್ಲವೇನೇ?"

"ಸತ್ತೋನ ಜಾಗ ನೀವು ಯೋಚಿಸಿ. ನನ್ನ ಸೊಸೆ, ನನ್ನ ಮೊಮ್ಮಗನ ಜಾಗ ನಾನು ಯೋಚಿಸ್ತೀನಿ!"

ಸೆರಗಿಲ್ಲದ ಬಟ್ಟೆಯಲ್ಲಿ ಕಣ್ಣೊರೆಸುವುದು ಹೇಗೆ? ತೋಳಿಗೆ ಒರೆಸಿಕೊಂಡು, ಕೆಳಗಿಳಿದು, ನೆಂಟನಿಗೆ ಇನ್ನೊಂದು ಸೌಟು ಅನ್ನ ಬಡಿಸಿದಳು.

ಮಾರನೇ ದಿನ ಭಾನುವಾರ ಅವನು ಚರ್ಚಿಗೆ ಬಂದ. ಕೊನೆಯ ಬೆಂಚಿನಲ್ಲಿ ಕೂತ. ಆರಾಧನೆ ಮುಗಿದ ಮೇಲೆ ಹಜಾರದಲ್ಲಿ ಬಿನ್ಸಾರ್ ತನ್ನ ಫೋನಿನಲ್ಲಿ ಊರಿಗೆ ಕರೆ ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಧ್ವನಿ ದೊಡ್ಡದು ಮಾಡಿದ. "ಅವ್ವಾ, ಅಣ್ಣನ ಗೋರಿ ನೋಡ್ಕೊಂಡೋರು ಇಲ್ಲೇ ಇದಾರೆ. ಲಾಮ್ರಿಯಾ ಅಕ್ಕ ಅಂತ. ಮಾತಾಡು." ಅಂತ ಅವಳ ಕೈಗೆ ಕೊಟ್ಟ.

ತುಂಬ ದೂರದಿಂದ, ಬಾವಿಯೊಳಗಿಂದ ಬಂದ ಹಾಗೆ ಧ್ವನಿ ಬಂತು. "ನನಗೆ ಕಣ್ಣು ಹೋಗಿದೆ ತಾಯಿ, ಕಿವಿ ಒಂದು ಉಳಿದಿದೆ. ನೀನೇನಾ ನನ್ನ ಮಗನ ಗೋರಿ ಗುಡಿಸಿದೋಳು?"

"ಹೌದು ಅಜ್ಜಿ."

"ಎಷ್ಟು ವರ್ಷ?"

"ಮೂವತ್ತಾರು. ಈಸ್ಟರ್ ಬೆಳಿಗ್ಗೆ ಹೋಗ್ತೀವಿ. ಹೂ ಇಡ್ತೀವಿ."

"ಅಲ್ಲಿ ಬಿಸಿಲು ಬೀಳುತ್ತಾ? ನೆರಳಾ?"

"ಬೆಳಿಗ್ಗೆ... ಬೆಳಿಗ್ಗೆ ಹೊತ್ತು ಬೀಳುತ್ತೆ ಅಜ್ಜಿ."

"ಒಳ್ಳೇದಾಯ್ತು. ಅವನಿಗೆ ಚಳಿ ತಡೆಯೋಕೆ ಆಗ್ತಿರಲಿಲ್ಲ. ನೋಡು ತಾಯಿ, ನೆಂಟಸ್ತಿಕೆ ಇಲ್ಲ, ಬೆಡಗಿಲ್ಲ, ಯಾರೋ ಹೆತ್ತ ಮಗನ ಮಣ್ಣು ನೋಡ್ಕೊಂಡೆ. ಅದು ಸೊಸೆ ಮಾಡೋ ಕೆಲಸ. ಅವನಿಂದ ನನಗೆ ಸೊಸೆ ಬರಲೇ ಇಲ್ಲ. ಇವತ್ತಿಂದ ನಿನ್ನನ್ನೇ ಸೊಸೆ ಅಂದ್ಕೊಂಡು ಪ್ರಾರ್ಥನೆ ಮಾಡ್ತೀನಿ. ಬೇಜಾರು ಮಾಡ್ಕೋಬೇಡ, ಆಯ್ತಾ?"

ಲಾಮ್ರಿಯಾ ಹಜಾರದ ಕಡೆ ನೋಡಿದಳು. ಪರುಲಿಯಾನ್ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದ. ರೊಸಿಂತಾ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದಳು. ಕೊನೆಯ ಕುರ್ಚಿಯಲ್ಲಿ ಅವಳ ಗಂಡ ಎರಡು ಕೈಯಿಂದಲೂ ಬಾಯಿ ಮುಚ್ಚಿಕೊಂಡು ಕೂತಿದ್ದ. ಮಗನಿಗೆ ಚಳಿಯಾಗುತ್ತದೆ ಅಂತ ನಲವತ್ತು ವರ್ಷ ಕೊರಗಿದ ಮುದುಕಿಯ ಕೈಗೆ ಯಾರದೋ ಮೂಳೆ ಕೊಡುವುದಾ? ತಾನೂ ಒಂದು ಮಗನ ತಾಯಿಯಲ್ಲವಾ?

ಅವಳು ಹೆಜ್ಜೆ ಮೇಲೆ ಹೆಜ್ಜೆ ಇಟ್ಟು ನಡೆದು ಹೋಗಿ ಫೋನನ್ನು ಗಂಡನ ಮುಂದೆ ಹಿಡಿದಳು.

"ತಗೊಳ್ಳಿ. ನಿಮ್ಮ ತಾಯಿ ಮಾತಾಡ್ತಿದಾರೆ."

ಅವನು ಅವಳನ್ನು ನೋಡಿದ, ಫೋನನ್ನು ನೋಡಿದ. ಆಮೇಲೆ ಒಂದೇ ಶಬ್ದ.

"ಅವ್ವಾ..."

"ಬಿನ್ಸಾರ್? ಯಾರೋ ಅದು? ಯಾರು ನನ್ನನ್ನ ಅವ್ವ ಅಂದದ್ದು?"

"ನಾನವ್ವ. ಸಹಾಲ."

"ಸಹಾಲ ಸತ್ತು ನಲವತ್ತು ವರ್ಷ ಆಯ್ತು."

"ಸತ್ತಿಲ್ಲ ಅವ್ವ. ಸತ್ತೆ ಅಂತ ಹೇಳಿಸಿದೆ. ಇಲ್ಲಿ ಮಲಗಿರೋನು ನನ್ನ ಸ್ನೇಹಿತ. ಮನಹಾರ ಸಿತೋರುಸ್ ಅಂತ... ಅವನ ಹೆಸರಲ್ಲಿ ನಾನು ಬದುಕಿದೆ."

ಫೋನಿನ ಆಚೆ, ಅಲ್ಲಿಯ ರಾತ್ರಿಯಲ್ಲಿ, ಹೊತ್ತಲ್ಲದ ಹೊತ್ತಿಗೆ ಒಂದು ಕೋಳಿ ಕೂಗಿದ್ದು ಕೇಳಿಸಿತು. ಆಮೇಲೆ ಮುದುಕಿ ತೀರ ಮೆಲ್ಲಗೆ, ತನ್ನಷ್ಟಕ್ಕೆ ಹೇಳಿಕೊಂಡ ಹಾಗೆ ಅಂದಳು. "ಹಾಗಾದರೆ ನಾನು ಅತ್ತದ್ದು ಆ ಹುಡುಗನಿಗಾ? ಪಾಪ... ಅವನಿಗೆ ಅಳೋರು ಯಾರೂ ಇರಲಿಲ್ಲವಾ? ಆಗಲಿ. ಅತ್ತದ್ದು ಅವನಿಗೇ ಇರಲಿ. ನೀನು ಬಾ. ನಾನು ಸಾಯೋದರೊಳಗೆ ಬಾ."

ಬಿನ್ಸಾರ್ ಎದ್ದು ಬಂದು ಅವನ ಅಂಗಿಯ ಕೊರಳು ಹಿಡಿದ. ನಗುಮುಖದ ಮನುಷ್ಯ, ಹಲ್ಲು ಕಚ್ಚಿ ಅಳುತ್ತಿದ್ದ. "ನಿನ್ನನ್ನ ಅಣ್ಣ ಅನ್ನಲಾ? ದೆವ್ವ ಅನ್ನಲಾ? ಹೇಳು!" ಅಂದ. ಹಿಡಿದ ಕೈಯನ್ನೂ ಬಿಡಲಿಲ್ಲ, ಹೊಡೆಯಲೂ ಇಲ್ಲ. ಹಾಗೇ ಹಿಡಿದುಕೊಂಡು ಅವನ ಎದೆಗೆ ತಲೆ ಇಟ್ಟ.

ಗದ್ದಲದ ನಡುವೆ ರೊಸಿಂತಾಳ ಧ್ವನಿ ಕೇಳಿಸಿತು. "ಅತ್ತೆ... ಹಾಗಾದರೆ ನಾನು... ಇವರು... ಇವರು ನನಗೆ ಅಣ್ಣನಾ?" ಅವಳು ಗಂಡನ ಹೆಗಲಿಂದ ಮಗುವನ್ನು ಕಿತ್ತುಕೊಂಡಳು. ಹಿಂದೆ ಹಿಂದೆ ಸರಿದು ಗೋಡೆಗೆ ಆತುಕೊಂಡಳು. ಯಾರೂ ಅವಳ ಕಣ್ಣಿಗೆ ಕಣ್ಣು ಕೊಡಲಿಲ್ಲ. ಅವತ್ತೇ ಮಗುವನ್ನು ಕರೆದುಕೊಂಡು ತನ್ನ ಗೆಳತಿಯ ಮನೆಗೆ ಹೋದಳು. ಪರುಲಿಯಾನ್ ಮೂರು ದಿನ ಅಪ್ಪನ ಜೊತೆ ಮಾತಾಡಲಿಲ್ಲ. ಊಟಕ್ಕೆ ಕೂತರೆ ಎದುರಿನ ಎರಡು ಕುರ್ಚಿ ಖಾಲಿ.

ಬುಧವಾರ ಮಧ್ಯಾಹ್ನ ಹಿರಿಯರು ಸೇರಿದರು. ಪಾಸ್ಟರಮ್ಮ ಎದ್ದು, "ದೇವರ ಎದುರು ಆದ ಲಗ್ನ, ದೇವರು ಬೆಡಗು ಕೇಳೋದಿಲ್ಲ" ಅಂದರು. ನಿಜವೇ. ಆದರೆ ಊರಿಗೆ ಹೋದರೆ ಆ ಮಗುವನ್ನು ಯಾವ ಹೆಸರಿಂದ ಕರೆಯಬೇಕು, ಯಾರ ಗೋರಿಯಲ್ಲಿ ಇಡಬೇಕು ಅಂತ ದೇವರು ಬಂದು ಹೇಳುತ್ತಾನಾ? ಕೊನೆಗೆ ಸಿತೋರುಸ್ ಬೆಡಗಿನ ಹಿರಿಯ ಬೊನಾರ್ ಕೆಮ್ಮಿ ಎದ್ದು ನಿಂತ. ಸದಾ ತಮಾಷೆ ಮಾಡುವ ಮುದುಕ. ಅವತ್ತು ಮಾಡಲಿಲ್ಲ.

"ನಲವತ್ತು ವರ್ಷ ನನ್ನ ತಮ್ಮ ಅಂತ ನಿನ್ನ ಪಕ್ಕ ಕೂತು ಉಂಡೆ. ನೀನು ನಮ್ಮ ಹುಡುಗನ ಹೆಸರು ಕದ್ದೆ. ಅವನು ಮಕ್ಕಳಿಲ್ಲದೆ ಸತ್ತ, ಅವನ ಮನೆ ದೀಪ ಆರಿತು. ಏನು ಕೊಡ್ತೀಯ ಅದಕ್ಕೆ?"

"ಏನು ಕೇಳಿದರೂ ಕೊಡ್ತೀನಿ."

"ಮಗನನ್ನ ಕೊಡು."

ಬೊನಾರ್ ಬಿಡಿಸಿ ಹೇಳಿದ. "ಪರುಲಿಯಾನ್ ಸಿತೋರುಸ್ ಆಗೇ ಇರಲಿ. ಹೆಸರಿಗಲ್ಲ, ನಿಜವಾಗಿ. ಸತ್ತ ಮನಹಾರನ ಮಗ ಅಂತ ನಾವು ಎದೆಗೆ ಅಪ್ಪಿ ತಗೋತೀವಿ. ಆಗ ಆ ಹುಡುಗಿ ಸಿತೋರುಸ್ ಮನೆಗೆ ಬಂದ ನೈಂಗೋಲನ್ ಸೊಸೆ. ತಪ್ಪೇನೂ ಇಲ್ಲ. ಮಗು ನಮ್ಮದು. ಮನಹಾರನ ಮೂಳೆ ಊರಿನ ಸಿತೋರುಸ್ ಗೋರಿಗೆ ಹೋಗಲಿ. ಆದರೆ ನೀನು ನೈಂಗೋಲನ್ ಆಗಿ ಊರಿಗೆ ಹೋಗೋನು, ಮಗನಿಲ್ಲದೋನಾಗಿ ಹೋಗಬೇಕು. ಅವನು ನಿನ್ನನ್ನ ಅಪ್ಪ ಅನ್ನೋ ಹಾಗಿಲ್ಲ."

ನಮ್ಮವರಲ್ಲಿ ಮಗನಿಲ್ಲದೆ ಸತ್ತರೆ ಹೆಸರೇ ಅಳಿದ ಹಾಗೆ ಅಂತ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅವನು ತಲೆ ಎತ್ತಲಿಲ್ಲ. "ಆಗಲಿ" ಅಂದ.

ಅಷ್ಟರಲ್ಲಿ ಮೂಲೆಯಿಂದ ಒಬ್ಬಳು ಮುದುಕಿ ಕೇಳಿದಳು. "ಮಗ ಮನಹಾರನವನಾದರೆ, ಅವನನ್ನ ಹೆತ್ತೋಳು ಯಾರ ಹೆಂಡತಿ?"

ಅದನ್ನು ಯಾರೂ ಯೋಚಿಸಿರಲಿಲ್ಲ. ಲಾಮ್ರಿಯಾ ಒಬ್ಬಳು ಯೋಚಿಸಿದ್ದಳು. ಎದ್ದು ನಿಂತಳು. ಮೇಜು ಹಿಡಿದುಕೊಂಡಳು.

"ನಾನು ಮನಹಾರ ಸಿತೋರುಸ್ ಹೆಂಡತಿ ಅಂತ ಲಗ್ನದ ದಿನ ದೇವರ ಮುಂದೆ ಹೇಳಿದೀನಿ. ಅದೇ ಮಾತು. ಅವರು ಸತ್ತಿದಾರೆ. ನಾನು... ನಾನು ಅವರ ವಿಧವೆ." ಗಂಡನ ಕಡೆ ತಿರುಗಿದಳು. "ಒಂದು ದಿನವೂ ಮುಖ ನೋಡದ ಗಂಡನ ಗೋರಿ ಮೂವತ್ತಾರು ವರ್ಷ ಗುಡಿಸಿದೀನಿ. ಇನ್ನು ಮೇಲೆ ಗುಡಿಸೋಕೆ ಗೋರಿಯೂ ಇರೋದಿಲ್ಲ ನನಗೆ. ನೀವು ಹೋಗಿ. ನಿಮ್ಮ ತಾಯಿ ಕಾಯ್ತಿದಾರೆ."

ಅವನು, "ಲಾಮ್ರಿಯಾ..." ಅಂದ.

ಗುರುವಾರ ಬೆಳಿಗ್ಗೆ ಅಗೆದರು. ಕಪ್ಪು ತೇವದ ಮಣ್ಣು. ಹೆಚ್ಚೇನೂ ಉಳಿದಿರಲಿಲ್ಲ: ತಲೆಬುರುಡೆ, ತೊಡೆಯ ಎರಡು, ಮುಂಗಾಲಿನ ಎರಡು. ಮುಂಗಾಲಿನ ಮೂಳೆಗಳು ನೆಟ್ಟಗಿದ್ದವು. ಅರಿಶಿನದ ನೀರು, ನಿಂಬೆ ರಸ ಬೆರೆಸಿ, ತೊಳೆಯುವ ಕೆಲಸ ಅವನೇ ಕೇಳಿಕೊಂಡ. ಒಂದೊಂದನ್ನೂ ಕೂಸಿಗೆ ಸ್ನಾನ ಮಾಡಿಸುವ ಹಾಗೆ ಎತ್ತಿ ತೊಳೆದ. "ಮನಹಾರ, ತಗೋ ನಿನ್ನ ಹೆಸರು" ಅಂತ ಬಾಯೊಳಗೇ ಹೇಳಿಕೊಂಡದ್ದು ಹತ್ತಿರವಿದ್ದ ಲಾಮ್ರಿಯಾಳಿಗೆ ಕೇಳಿಸಿತು. ಮೂಳೆ ಸುತ್ತುವುದಕ್ಕೆ ಬಿಳಿ ಬಟ್ಟೆ ಹಿಡಿದುಕೊಂಡು ಬಂದವಳು ರೊಸಿಂತಾ. ಹಿಂದಿನ ಸಂಜೆಯೇ ಮಗುವನ್ನು ಕರೆದುಕೊಂಡು ಮನೆಗೆ ಮರಳಿದ್ದಳು. ಅವಳು ಅಭ್ಯಾಸದಂತೆ ಮುಖ ಬೇರೆ ಕಡೆ ಮಾಡಿ ಬಟ್ಟೆ ಚಾಚಿದಳು.

ಅವನು ಅವಳನ್ನೇ ನೋಡಿ ಹೇಳಿದ. "ಇನ್ನು ಮುಖ ತಿರುಗಿಸೋ ಹಾಗಿಲ್ಲ. ನಾನು ನಿನಗೆ ಮಾವ ಅಲ್ಲ. ನಮ್ಮ ಬೆಡಗಿನ ಮಗಳು ನೀನು. ಐದು ವರ್ಷ ನಿನ್ನ ಕೈ ಅನ್ನ ಬಿಟ್ಟೆ ಮಗಳೇ... ಉಂಡರೆ ಆ ಪಾಪಕ್ಕೆ ಒಪ್ಪಿದ ಹಾಗೆ ಆಗುತ್ತೆ ಅಂತ ಹೆದರಿದೆ. ಪಾಪ ನನ್ನದಾಗಿತ್ತು."

ರೊಸಿಂತಾ ಅವನ ಮುಖ ನೋಡಿದಳು. ಅಷ್ಟು ಹತ್ತಿರದಿಂದ ಅದೇ ಮೊದಲು. "ನಾನು ಏನು ತಪ್ಪು ಮಾಡಿದೆ ಅಂತ ಪ್ರತಿ ಭಾನುವಾರ ಅಳ್ತಿದ್ದೆ ಅಪ್ಪಾ! ಒಂದು ಮಾತು... ಒಂದೇ ಒಂದು ಮಾತು ಹೇಳಬಾರದಿತ್ತಾ?" ಅಂತ ಬಿಕ್ಕಿ ಬಿಕ್ಕಿ ಅತ್ತಳು. ಅವನು ಅರಿಶಿನ ಮೆತ್ತಿದ ಕೈಯನ್ನು ಅವಳ ತಲೆಯ ಮೇಲೆ ಇಟ್ಟುಕೊಂಡೇ ನಿಂತಿದ್ದ.

ಊರಾಡಳಿತದ ಕಚೇರಿಗೆ ಎಲ್ಲವನ್ನೂ ಬರೆದು ಸಹಿ ಹಾಕಿದ ಕಾಗದವನ್ನು ಅವನು ಹೊರಡುವ ಬೆಳಿಗ್ಗೆ ಅಂಚೆ ಪೆಟ್ಟಿಗೆಗೆ ಹಾಕಿದ. ಇನ್ನು ಈ ದೇಶಕ್ಕೆ ಬರಲು ಅವನಿಗೆ ಕಾಗದವಿಲ್ಲ. ಎರವಲು ಹೆಸರು ಇನ್ನು ಈ ಒಂದು ಪ್ರಯಾಣಕ್ಕೆ ಮಾತ್ರ. ರೈಲು ನಿಲ್ದಾಣಕ್ಕೆ ಎಲ್ಲರೂ ಬಂದಿದ್ದರು. ಲಾಮ್ರಿಯಾ ಅವನ ಕೋಟಿನ ಗುಂಡಿ ಹಾಕಿದಳು, ಮೇಲಿಂದ ಕೆಳಗಿನ ತನಕ, ನಿಧಾನವಾಗಿ. "ಕಾಲಿಗೆ ಎಣ್ಣೆ ತಿಕ್ಕಿಕೊಳ್ಳಿ. ನಿಮ್ಮಮ್ಮನ ಹತ್ತಿರ ಹೇಳಿ..." ಅಂದಳು.

ಪರುಲಿಯಾನ್ ಮುಂದೆ ಬಂದ. ಮೂವತ್ತಮೂರು ವರ್ಷದ ಗಂಡಸು, ಗದ್ದ ಕೂಸಿನ ಹಾಗೆ ನಡುಗುತ್ತಿತ್ತು. ಬೊನಾರ್ ಪಕ್ಕದಲ್ಲೇ ನಿಂತು ನೋಡುತ್ತಿದ್ದ. ಹೆಂಡತಿಯ ಬೆಡಗಿನ ಹಿರಿಯನನ್ನು ಕರೆಯುವ ಹಾಗೆಯೇ ಕರೆಯಬೇಕು.

"ಹೋಗಿ ಬನ್ನಿ... ಮಾವ."

"ಬರ್ತೀನಿ ಅಳಿಯಂದಿರೇ" ಅಂದ ಅವನು. ಬರುವುದಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

ಮೇ ತಿಂಗಳ ಏಳನೇ ತಾರೀಕು, ಮಂಗಳವಾರ, ಬೆಳಿಗ್ಗೆ ಹನ್ನೊಂದೂಕಾಲರ ರೈಲಿಗೆ ಸಹಾಲ ನೈಂಗೋಲನ್ ಹೋದ, ಅವನ ತಮ್ಮ ಬಿನ್ಸಾರ್ ಹೋದ, ಮರದ ಪೆಟ್ಟಿಗೆಯಲ್ಲಿ ಮನಹಾರ ಸಿತೋರುಸನೂ ಹೋದ.